ಮಗಳ ಮಂಡಿ, ಅಪ್ಪನ ಕಟ್ಟು

ನಮ್ಮಪ್ಪ ಮೂಳೆ ಕಟ್ಟುವವರು. ಕೆಸರೆಯ ಮನೆಯ ಜಗಲಿಯ ಮೇಲೆ ಗುರುವಾರ ಮತ್ತು ಭಾನುವಾರ ಬೆಳಿಗ್ಗೆ ಏಳು ಗಂಟೆಗೆಲ್ಲ ಜನ ಬಂದು ಕೂತಿರುತ್ತಿದ್ದರು. ಬೈಕಿನಿಂದ ಬಿದ್ದವರು, ಸಾರುವೆಯಿಂದ ಜಾರಿದ ಗಾರೆ ಕೆಲಸದವರು, ಬಚ್ಚಲಲ್ಲಿ ಕಾಲು ಜಾರಿದ ಅಜ್ಜಿಯರು. ಅಪ್ಪ ಮೊದಲು ಮುಟ್ಟುತ್ತಿರಲಿಲ್ಲ. ಬಂದವರು ನಡೆಯುವುದನ್ನು, ಕೂರುವುದನ್ನು, ಕೈಯನ್ನು ಎದೆಗೆ ಅವುಚಿಕೊಂಡಿರುವ ರೀತಿಯನ್ನು ನೋಡುತ್ತಿದ್ದರು. ಆಮೇಲೆ ಹೆಬ್ಬೆರಳಿನಲ್ಲಿ ಒತ್ತಿಕೊಂಡು ಹೋಗಿ ಒಂದು ಕಡೆ ನಿಲ್ಲಿಸಿ, "ಎಷ್ಟು ಜನ ಮಕ್ಳಪ್ಪ ನಿಂಗೆ?" ಎಂದು ಕೇಳುತ್ತಿದ್ದರು. ಅವನು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಸರಿದ ಮೂಳೆಯನ್ನು ಎಳೆದು ಕೂರಿಸಿ ಆಗಿರುತ್ತಿತ್ತು. ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ತಾವೇ ಅರೆದ ಸೊಪ್ಪು, ಅದರ ಮೇಲೆ ಹಳೇ ಪಂಚೆಯ ಬಟ್ಟೆ, ಬಿದಿರಿನ ದಬ್ಬೆ. ಇಷ್ಟೇ ಅವರ ಕಟ್ಟು. ಅವರಪ್ಪನಿಂದ ಕಲಿತದ್ದು.

ನಾನು ಅದನ್ನು ಕಲಿಯಲಿಲ್ಲ. ಓದಿ, ಜಯಲಕ್ಷ್ಮಿಪುರಂ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದೆ. ಮನೆ ಕುಂಬಾರಕೊಪ್ಪಲಿನಲ್ಲಿ. ಅಪ್ಪನ ಜೊತೆ ಕೆಸರೆಯಲ್ಲಿ ನನ್ನ ತಂಗಿಯ ಸಂಸಾರ ಇದೆ. ಕಸುಬು ಕಲಿಯದಿದ್ದರೂ ಅದರ ಬಗ್ಗೆ ಹೆಮ್ಮೆ ಮಾತ್ರ ವಿಪರೀತ ಇತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ನಾಟಿ ಕಟ್ಟನ್ನು ಆಡಿಕೊಂಡರೆ ಅವರ ಮೇಲೆ ಎಗರಿ ಬೀಳುತ್ತಿದ್ದೆ. ಬೆಳಿಗ್ಗೆ ತರಗತಿಯಲ್ಲಿ, ಕಣ್ಣಿಗೆ ಕಂಡದ್ದನ್ನು ಪರೀಕ್ಷೆ ಮಾಡಿ ನೋಡದೆ ನಂಬಬೇಡಿ ಎಂದು ಮಕ್ಕಳಿಗೆ ಹೇಳುವುದು, ಮಧ್ಯಾಹ್ನ ಸಹೋದ್ಯೋಗಿಗಳ ಜೊತೆ ಅಪ್ಪನ ಹೆಬ್ಬೆರಳಿನ ಪರವಾಗಿ ಜಗಳ ಆಡುವುದು. ಎರಡನ್ನೂ ಒಂದೇ ಬಾಯಲ್ಲಿ ಮಾಡುತ್ತಿದ್ದೆ, ಯಾವತ್ತೂ ನಾಚಿಕೆ ಆಗಿರಲಿಲ್ಲ.

ಮಗಳು ಒಂಬತ್ತನೇ ತರಗತಿಯಲ್ಲಿದ್ದಳು. ಖೋ ಖೋ ಆಡುತ್ತಿದ್ದಳು. ಆಡುತ್ತಿದ್ದಳು ಎಂದರೆ ಸಾಲದು, ಅದೇ ಅವಳ ಪ್ರಪಂಚ. ಊಟದ ತಟ್ಟೆಯ ಮುಂದೆಯೂ ಕುಕ್ಕರಗಾಲಲ್ಲೇ ಕೂರುತ್ತಿದ್ದಳು, ಯಾರೋ ಬೆನ್ನ ಮೇಲೆ ತಟ್ಟಿ "ಖೋ" ಎನ್ನುತ್ತಾರೇನೋ ಎಂದು ಕಾದವಳಂತೆ. ಅವಳಮ್ಮ ಬೈದೂ ಬೈದೂ ಸುಸ್ತಾಗಿದ್ದಳು.

ಆ ಸಲ ಶಾಲೆ ಶುರುವಾದ ತಿಂಗಳೇ ಬಲಗಾಲಿನ ಮಂಡಿಯ ಮೇಲ್ಭಾಗ ನೋಯುತ್ತದೆ ಎಂದಳು. ಬೆಳೆಯುವ ವಯಸ್ಸು, ಹಾಗೇ ಇರುತ್ತೆ ಎಂದೆ. ಆಡಿದ ದಿನ ನೋವು, ಆಡದ ದಿನವೂ ನೋವು. ಎಷ್ಟೋ ಸಲ ನಿದ್ದೆಯಲ್ಲೇ ಎದ್ದು ಕೂತು ಕಾಲು ಹಿಡಿದುಕೊಂಡಿರುತ್ತಿದ್ದಳು. ಹೆಂಡತಿ ಮುಲಾಮು ಹಚ್ಚಿದಳು, ಬಿಸಿನೀರಿನ ಶಾಖ ಕೊಟ್ಟಳು. ಮೂರು ವಾರ ಕಳೆಯುವಷ್ಟರಲ್ಲಿ ಮಂಡಿಯ ಮೇಲೆ ಒಂದು ಬದಿಗೆ ಬಾವು ಕಾಣಿಸಿಕೊಂಡಿತು. ಮುಟ್ಟಿದರೆ ಅಲ್ಲಿ ಮಾತ್ರ ಬೆಚ್ಚಗೆ ಇರುತ್ತಿತ್ತು. ಅವಳ ಶಾಲೆಯ ಆಟದ ಮೇಷ್ಟ್ರು ನನಗೆ ಫೋನ್ ಮಾಡಿ, "ಸರ್, ಒಂದು ಎಕ್ಸ್‌ರೇ ತೆಗೆಸಿಬಿಡಿ" ಎಂದರು.

ಜಿಲ್ಲಾ ತಂಡದ ಆಯ್ಕೆಗೆ ಇನ್ನು ಹದಿನೆಂಟು ದಿನ ಇತ್ತು. ಎಕ್ಸ್‌ರೇ ತೆಗೆಸಿದರೆ ಡಾಕ್ಟರ್ ನೋಡುತ್ತಾರೆ, ನೋಡಿದರೆ ಆರು ವಾರ ಓಡಬೇಡ ಎನ್ನುತ್ತಾರೆ, ಅಲ್ಲಿಗೆ ಆಯ್ಕೆ ಮುಗಿಯಿತು. ನನ್ನ ತಲೆ ಓಡಿದ್ದು ಇಷ್ಟೇ. ಅಪ್ಪ ಕಟ್ಟಿದರೆ ವಾರದಲ್ಲಿ ಎದ್ದು ಓಡುತ್ತಾಳೆ ಎಂದುಕೊಂಡು ಭಾನುವಾರ ಬೆಳಿಗ್ಗೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕೆಸರೆಗೆ ಹೋದೆ. ಹೆಂಡತಿ ಕೆಲಸಕ್ಕೆ ಹೋಗುವ ಅಂಗಡಿಗೆ ಭಾನುವಾರವೂ ರಜೆ ಇರಲಿಲ್ಲ, ಅವಳು ಬರಲಿಲ್ಲ.

ಆ ಬೆಳಿಗ್ಗೆ ನಡೆದದ್ದನ್ನು ನಾನು ಸರಿಯಾಗಿ ಬರೆಯಬೇಕು. ಇಷ್ಟು ದಿನ ಸರಿಯಾಗಿ ಹೇಳಿರಲಿಲ್ಲ.

ಅಪ್ಪ ಅವಳನ್ನು ಜಗಲಿಯ ಮೇಲೆ ಕೂರಿಸಿ ಬಹಳ ಹೊತ್ತು ನೋಡಿದರು. "ಎಲ್ ಬಿದ್ದೆ ಕೂಸೇ?" ಎಂದರು.

"ಎಲ್ಲೂ ಬಿದ್ದಿಲ್ಲ ತಾತ."

"ಮಲ್ಗಿದ್ದಾಗ್ಲೂ ನೋಯ್ತದಾ?"

"ಆಗ್ಲೇ ಜಾಸ್ತಿ."

ಅಂಗೈ ತಿರುಗಿಸಿ, ಜ್ವರ ನೋಡುವ ಹಾಗೆ, ಬಾವಿನ ಮೇಲೆ ಇಟ್ಟರು. ಹೆಬ್ಬೆರಳಿನಲ್ಲಿ ಹಗುರವಾಗಿ ಒತ್ತಿದ್ದಕ್ಕೇ ಮಗಳು ಕಿರುಚಿಕೊಂಡಳು. ಅಪ್ಪ ಕೈ ತೆಗೆದುಬಿಟ್ಟರು. ನನ್ನ ಕಡೆ ತಿರುಗಿ, "ಇದು ಉಳುಕಲ್ಲ ಕಣೋ. ಬಿದ್ದಿಲ್ಲ, ತಿರುಚಿಲ್ಲ, ಸುಮ್ಕೆ ಊದ್ಕೊಂಡದೆ, ಬಿಸಿ ಬೇರೆ ಅದೆ. ನಂಗಿದು ಗೊತ್ತಾಯ್ತಾ ಇಲ್ಲ. ಒಂದು ಎಕ್ಸ್‌ರೇ ತೆಗಿಸ್ಬುಡು" ಎಂದರು.

ನನಗೆ ರೇಗಿತು. ಸುತ್ತ ಆರೇಳು ಜನ ಕೂತಿದ್ದರು. "ಊರೋರಿಗೆಲ್ಲ ಕಟ್ತೀರಿ, ಮೊಮ್ಮಗಳಿಗೆ ಕಟ್ಟಕ್ಕೆ ಆಗಲ್ವಾ ನಿಮಗೆ? ವಯಸ್ಸಾಯ್ತು ಅನ್ನಿ, ಬೇರೆ ಕಡೆ ಕರ್ಕೊಂಡು ಹೋಗ್ತೀನಿ" ಎಂದೆ. ಅಷ್ಟು ಜನರ ಮುಂದೆ ಹಾಗೆ ಹೇಳಿದರೆ ಅವರಿಗೆ ಎಲ್ಲಿ ತಾಗುತ್ತದೆ ಎಂದು ಗೊತ್ತಿದ್ದೇ ಹೇಳಿದೆ. ಮಗಳು ಅಳುತ್ತಾ, "ಕಟ್ಟು ತಾತ, ಪ್ಲೀಸ್ ತಾತ, ಸೆಲೆಕ್ಷನ್ ಇದೆ" ಎಂದು ಅವರ ಕೈ ಹಿಡಿದುಕೊಂಡಳು.

ಅಪ್ಪ ಇನ್ನೊಂದು ಸಲ ನನ್ನ ಮುಖ ನೋಡಿದರು. ಆಮೇಲೆ ಎಳ್ಳೆಣ್ಣೆ ತರಿಸಿದರು, ನೀವಿದರು, ಕಟ್ಟಿದರು. ಅದಾದ ಮೇಲೆ ಇನ್ನೆರಡು ಭಾನುವಾರ ಹೋದೆವು. ಎರಡೂ ಸಲ ಎಕ್ಸ್‌ರೇ ಮಾತು ತೆಗೆದರು, ಎರಡೂ ಸಲ ನಾನು ಸೆಲೆಕ್ಷನ್ ಮುಗಿಯಲಿ ಎಂದೆ. ಬಾವು ಇಳಿಯಲಿಲ್ಲ.

ಆಯ್ಕೆಯ ದಿನ ಕಟ್ಟು ಬಿಚ್ಚಿ, ಮೇಲೆ ಮಂಡಿಪಟ್ಟಿ ಹಾಕಿಕೊಂಡು ಆಡಿದಳು. ಎರಡನೇ ಪಾಳಿಯಲ್ಲಿ "ಖೋ" ಸಿಕ್ಕಿದೊಡನೆ ಎದ್ದವಳು ಒಂದು ಹೆಜ್ಜೆ ಇಟ್ಟು ಹಾಗೇ ಕುಸಿದಳು. ನಾನು ಮೈದಾನದ ಅಂಚಿನಲ್ಲೇ ಇದ್ದೆ. ಮಣ್ಣಿನಲ್ಲಿ ಬಿದ್ದುಕೊಂಡು ಅವಳು ಕೂಗಿದ ಕೂಗು ಆಟದಲ್ಲಿ ಬಿದ್ದ ಮಕ್ಕಳು ಕೂಗುವ ಕೂಗಲ್ಲ. ಅದು ನನಗೆ ಅಲ್ಲೇ ಗೊತ್ತಾಯಿತು.

ಸಂಜೆ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆದರು. ತೆಗೆಯುವವನು ಒಮ್ಮೆ ತೆಗೆದು, ಒಳಗೆ ಹೋಗಿ ನೋಡಿ ಬಂದು, ಮತ್ತೊಮ್ಮೆ ತೆಗೆದ. ಮೂಳೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಮಗಳನ್ನು ಹೊರಗೆ ಕೂರಿಸಲು ಹೇಳಿದರು. ತೊಡೆಯ ಮೂಳೆಯ ತುದಿಯಲ್ಲಿ, ಮಂಡಿಗೆ ಸ್ವಲ್ಪ ಮೇಲೆ, ಅಂಚು ಅಳಿಸಿಹೋಗಿತ್ತು. ಮೂಳೆಯಿಂದ ಹೊರಕ್ಕೆ ಸಣ್ಣ ಸಣ್ಣ ಬಿಳಿ ಗೆರೆಗಳು ಚೆಲ್ಲಿಕೊಂಡಿದ್ದವು. ಇದು ನಾನು ನೋಡುವ ಕೇಸಲ್ಲ, ಕ್ಯಾನ್ಸರಿನ ಮೂಳೆ ಡಾಕ್ಟರಿಗೆ ತೋರಿಸಬೇಕು, ನಾಳೆಯೇ ಹೋಗಿ ಎಂದು ಚೀಟಿ ಬರೆದರು. ಎಂಟನೇ ತರಗತಿಗೆ ಹದಿನಾಲ್ಕು ವರ್ಷದಿಂದ ಅಸ್ಥಿಪಂಜರದ ಪಾಠ ಮಾಡುತ್ತಿದ್ದವನಿಗೆ ಆ ಫಿಲ್ಮಿನಲ್ಲಿ ಏನಿದೆ ಎಂದು ಓದಲು ಬರಲಿಲ್ಲ.

ಮರುದಿನ ನಾವು ಕಂಡ ಡಾಕ್ಟರು ನಡುವಯಸ್ಸಿನ ಹೆಂಗಸು. ಸುತ್ತಿ ಬಳಸಿ ಮಾತಾಡುವವರಲ್ಲ. ಮಗಳನ್ನು ಹೊರಗೆ ಕಳಿಸಲೂ ಇಲ್ಲ. "ಅವಳ ಕಾಲು, ಅವಳಿಗೆ ಗೊತ್ತಿರಬೇಕು" ಎಂದರು. ಚೀಟಿಯ ಹಿಂಭಾಗದಲ್ಲಿ ತೊಡೆಯ ಮೂಳೆ ಬರೆದು ವಿವರಿಸಿದರು. ಇದು ಬೇರೆಲ್ಲೋ ಹುಟ್ಟಿ ಮೂಳೆಗೆ ಬಂದ ಕ್ಯಾನ್ಸರಲ್ಲ, ಮೂಳೆಯಲ್ಲೇ ಹುಟ್ಟಿದ್ದಿರಬೇಕು. ಮಕ್ಕಳು ಎತ್ತರ ಬೆಳೆಯುವ ವಯಸ್ಸಿನಲ್ಲಿ, ಮೂಳೆ ವೇಗವಾಗಿ ಬೆಳೆಯುವ ಜಾಗದಲ್ಲಿ, ಹೆಚ್ಚಾಗಿ ಮಂಡಿಯ ಸುತ್ತ ಬರುತ್ತದೆ. ಹೊಸ ಮೂಳೆಯನ್ನು ಬೆಳೆಸಬೇಕಾದ ಕೋಶಗಳೇ ಹತೋಟಿ ತಪ್ಪಿ, ಅರೆಬರೆ ಮೂಳೆಯನ್ನು ಸಿಕ್ಕಲ್ಲೆಲ್ಲ ಬೆಳೆಸುತ್ತ ಹೋಗುತ್ತವೆ. ಆ ಬಿಳಿ ಗೆರೆಗಳು ಅದೇ. ಆಸ್ಟಿಯೋಸಾರ್ಕೋಮಾ ಎಂದು ಇದರ ಹೆಸರು, ಆದರೆ ಒಂದು ಚೂರು ತೆಗೆದು ಪರೀಕ್ಷೆ ಮಾಡಿದ ಮೇಲೇ ಖಚಿತವಾಗಿ ಹೇಳುವುದು. ಮಗಳು ಡಾಕ್ಟರ ಪೆನ್ನನ್ನೇ ನೋಡುತ್ತಿದ್ದಳು.

ಆಮೇಲೆ ಡಾಕ್ಟರು ಕೇಳಿದರು. "ಚರ್ಮದ ಮೇಲೆ ಕಲೆ ಇದೆ. ಯಾರಾದ್ರೂ ಎಣ್ಣೆ ಹಚ್ಚಿ ಉಜ್ಜಿದ್ರಾ? ಕಟ್ಟು ಕಟ್ಟಿಸಿದ್ರಾ?"

"ನಮ್ಮಪ್ಪ ಕಟ್ಟಿದ್ರು" ಎಂದೆ. "ನಾಟಿ ಕಟ್ಟು ಕಟ್ತಾರೆ ಅವರು."

ಅಷ್ಟಕ್ಕೇ ನಿಲ್ಲಿಸಿದೆ. ಹೇಳಿದ್ದು ಸುಳ್ಳಲ್ಲ. ಆದರೆ ನಾನು ನಿಲ್ಲಿಸಿದ ಜಾಗದಿಂದ ಮುಂದಿನ ಮಾತೇ ಮುಖ್ಯವಾದದ್ದು. ಪಕ್ಕದಲ್ಲಿ ಕೂತಿದ್ದ ಹೆಂಡತಿ ನನ್ನ ಕಡೆ ತಿರುಗಿದಳು. ಮಗಳು ತಲೆ ತಗ್ಗಿಸಿದಳು.

ಡಾಕ್ಟರು ನಿಟ್ಟುಸಿರು ಬಿಟ್ಟರು. "ಕಟ್ಟಿನಿಂದ ಕ್ಯಾನ್ಸರ್ ಬರಲ್ಲ, ಅದನ್ನ ಮೊದಲು ತಲೆಯಿಂದ ತೆಗೀರಿ. ಆದರೆ ಏನು ಊತ ಅಂತ ಗೊತ್ತಿಲ್ಲದೆ ಉಜ್ಜಲೇಬಾರದು. ಉಜ್ಜಿದ್ದಕ್ಕೆ ಎಷ್ಟು ಕೆಟ್ಟದ್ದಾಯ್ತು ಅಂತ ನಾನು ಅಳೆದು ಹೇಳಕ್ಕಾಗಲ್ಲ. ದಿನ ಹೋಯ್ತು, ಅದಂತೂ ನಿಜ. ಮೂಳೆ ಮುರಿದಿಲ್ಲ, ಅಷ್ಟು ಪುಣ್ಯ."

ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. "ಕಾಲು ತೆಗೀತೀರಾ?"

"ಉಳಿಸಕ್ಕೆ ನೋಡ್ತೀವಿ. ಮೊದಲು ಜೀವ, ಆಮೇಲೆ ಕಾಲು. ಔಷಧಿ ಕೊಟ್ಟ ಮೇಲೆ ಗಡ್ಡೆ ರಕ್ತನಾಳದಿಂದ ದೂರ ಇದ್ರೆ ಉಳಿಯುತ್ತೆ. ಈಗಲೇ ಮಾತು ಕೊಡಲ್ಲ."

ಆಸ್ಪತ್ರೆಯಿಂದ ಹೊರಗೆ ಬಂದ ಹೆಂಡತಿ, ಮಗಳನ್ನು ಅಕ್ಕಪಕ್ಕದವರ ಮನೆಯಲ್ಲಿ ಬಿಟ್ಟು, ನೇರ ಕೆಸರೆಗೆ ಕರೆದುಕೊಂಡು ಹೋಗಿ ಎಂದಳು. ಗುರುವಾರ ಆಗಿತ್ತು. ಜಗಲಿ ತುಂಬ ಜನ. ಇವಳು ಮದುವೆಯಾಗಿ ಬಂದಂದಿನಿಂದ ಮಾವನ ಎದುರು ದನಿ ಎತ್ತಿದವಳಲ್ಲ. ಅವತ್ತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ನಿಮ್ಮ ಕೈಯಿಂದ ನನ್ನ ಮಗಳ ಕಾಲು ಹೋಗ್ತಾ ಇದೆ. ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅನ್ನಬೇಕಿತ್ತು. ಕ್ಯಾನ್ಸರ್ ಗಡ್ಡೆಗೆ ಎಣ್ಣೆ ಹಾಕಿ ಉಜ್ಜಿದ್ರಲ್ಲ, ಇನ್ನು ಯಾರ ಮಕ್ಕಳನ್ನ ಹಾಳ್ಮಾಡ್ತೀರಿ?"

ಅಪ್ಪ ಯಾರದ್ದೋ ಮಣಿಕಟ್ಟಿಗೆ ಬಟ್ಟೆ ಸುತ್ತುತ್ತಿದ್ದರು. ಕೈ ನಿಂತಿತು. ನನ್ನನ್ನು ನೋಡಿದರು. ನಾನು ಸ್ಕೂಟರಿನ ಪಕ್ಕ ನಿಂತಿದ್ದೆ. ನಾನು ಬಾಯಿ ಬಿಡಬೇಕಾಗಿದ್ದ ಸಮಯ ಅದು. ಅಪ್ಪ ಬೇಡ ಅಂದಿದ್ರು, ನಾನೇ ಬೈದು ಕಟ್ಟಿಸಿದೆ, ಮೂರು ಸಲ ಎಕ್ಸ್‌ರೇ ತೆಗೆಸು ಅಂದ್ರು. ಇಷ್ಟೇ ಮಾತು. ಹೇಳಿದರೆ ಹೆಂಡತಿಯ ಆ ಕೂಗು ನನ್ನ ಕಡೆ ತಿರುಗುತ್ತಿತ್ತು. ನನಗೆ ಅದನ್ನು ತಡೆದುಕೊಳ್ಳುವ ಧೈರ್ಯ ಇರಲಿಲ್ಲ. ಬೇರೆಯವರ ಮೇಲೆ ರೇಗುವ ಮನುಷ್ಯನಿಗೆ ತನ್ನ ಮೇಲೆ ಯಾರಾದರೂ ರೇಗಿದರೆ ಎಷ್ಟು ಭಯ ಎಂಬುದು ಅವತ್ತು ಗೊತ್ತಾಯಿತು. ನಾನು ಗಾಡಿಯ ಬೀಗದ ಕೈ ನೋಡುತ್ತಾ ನಿಂತೆ.

"ಊಂ ಕಣವ್ವ. ತಪ್ಪಾಯ್ತು" ಎಂದರು ಅಪ್ಪ.

ಮುಂದಿನ ಹತ್ತು ತಿಂಗಳು ನಮ್ಮ ಕ್ಯಾಲೆಂಡರ್ ಆಸ್ಪತ್ರೆಯದು. ಎಂಆರ್‌ಐ, ಎದೆಯ ಸಿಟಿ, ಮೈಯ ಮೂಳೆಗಳನ್ನೆಲ್ಲ ನೋಡುವ ಸ್ಕ್ಯಾನ್. ಈ ಕಾಯಿಲೆ ಹರಡಿದರೆ ಮೊದಲು ಹೋಗುವುದು ಶ್ವಾಸಕೋಶಕ್ಕೆ, ಅದಕ್ಕೇ ಎದೆ ನೋಡುವುದು ಎಂದರು. ಎದೆ ಸ್ವಚ್ಛವಾಗಿತ್ತು. ಅದನ್ನು ಕೇಳಿ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಅತ್ತಳು. ದಪ್ಪ ಸೂಜಿಯಲ್ಲಿ ಗಡ್ಡೆಯ ಚೂರು ತೆಗೆದರು. ಆಪರೇಷನ್ ಮಾಡುವ ಡಾಕ್ಟರೇ ಅದನ್ನೂ ತೆಗೆಯಬೇಕಂತೆ, ಸೂಜಿ ಹೋದ ದಾರಿಯನ್ನೂ ಆಮೇಲೆ ಕತ್ತರಿಸಿ ತೆಗೆಯುವುದು ಇರುತ್ತದಂತೆ. ಡಾಕ್ಟರು ಹೇಳಿದ ಹೆಸರೇ ಖಚಿತವಾಯಿತು.

ಮೊದಲು ಆಪರೇಷನ್ ಮಾಡಿ ಗಡ್ಡೆ ತೆಗೆದುಬಿಡಿ ಎಂದು ನಾನು ಜಗಳಕ್ಕೆ ನಿಂತೆ. ಮೈಯಲ್ಲಿ ಅದನ್ನು ಇಟ್ಟುಕೊಂಡು ಎರಡೂವರೆ ತಿಂಗಳು ಔಷಧಿ ಕೊಡುವುದೇನು? ಡಾಕ್ಟರು ತಾಳ್ಮೆಯಿಂದ ಹೇಳಿದರು. ಕಣ್ಣಿಗೆ ಕಾಣುವ ಗಡ್ಡೆ ಒಂದೇ ಶತ್ರುವಲ್ಲ. ಯಾವ ಸ್ಕ್ಯಾನಿಗೂ ಸಿಗದ ಒಂದೊಂದು ಕೋಶ ಆಗಲೇ ರಕ್ತದಲ್ಲಿ ಹೊರಟಿರಬಹುದು. ಔಷಧಿ ಮೊದಲು ಅವುಗಳ ಬೆನ್ನು ಹತ್ತಬೇಕು. ಜೊತೆಗೆ ಗಡ್ಡೆಯೂ ಗಟ್ಟಿಯಾಗಿ ಅಂಚು ಕಟ್ಟಿಕೊಂಡರೆ, ಕಾಲು ಉಳಿಸಿ ಅದನ್ನು ತೆಗೆಯಲು ಜಾಗ ಸಿಗುತ್ತದೆ. ನಾನು ಸುಮ್ಮನಾದೆ. ಸುಮ್ಮನಾಗುವುದನ್ನು ಆ ವರ್ಷ ನಾನು ತಪ್ಪು ಜಾಗದಲ್ಲೂ ಕಲಿತೆ, ಸರಿಯಾದ ಜಾಗದಲ್ಲೂ ಕಲಿತೆ.

ಎದೆಯ ಚರ್ಮದಡಿ ಒಂದು ಪುಟ್ಟ ಬಿಲ್ಲೆಯಂಥದ್ದನ್ನು ಇಟ್ಟು, ಅದರ ಮೂಲಕ ಔಷಧಿ ಬಿಡುತ್ತಿದ್ದರು. ಒಂದು ಔಷಧಿಯ ಬಣ್ಣ ಕೆಂಪು. ಅದು ಹೋದ ದಿನ ಮೂತ್ರವೂ ಕೆಂಪು, ಹೆದರಬೇಡ ಎಂದು ನರ್ಸ್ ಮೊದಲೇ ಹೇಳಿದ್ದರು. ಇನ್ನೊಂದು ಔಷಧಿಗೆ ಗಂಟೆಗಟ್ಟಲೆ ಡ್ರಿಪ್ಪು, ಅದರ ವಿಷ ಇಳಿಸಲು ಇನ್ನೊಂದು ಔಷಧಿ. ಕೂದಲು ಹೋಯಿತು. ಬಾಯಿ ಹುಣ್ಣಾಗಿ ನೀರು ಕುಡಿಯಲೂ ಅಳುತ್ತಿದ್ದಳು. ಬಿಳಿ ರಕ್ತಕಣ ಇಳಿದು ಎರಡು ಸಲ ಔಷಧಿ ಮುಂದಕ್ಕೆ ಹೋಯಿತು. ಜ್ವರ ಬಂದರೆ ಮಾತ್ರೆ ಕೊಟ್ಟು ಕಾಯಬಾರದು, ತಕ್ಷಣ ಆಸ್ಪತ್ರೆಗೆ ಬರಬೇಕು ಎಂದಿದ್ದರು. ಹೀಗಾಗಿ ಥರ್ಮಾಮೀಟರ್ ದೇವರ ಗೂಡಿನಲ್ಲಿ ಇರುತ್ತಿತ್ತು. ಮಗಳು ನನ್ನ ಹಾಗೇ ಸಿಡುಕಿ. "ಎಲ್ಲರೂ ಧೈರ್ಯ ತಂದ್ಕೋ ಅಂತಾರೆ, ಎಲ್ಲಿಂದ ತರಲಿ, ಅಂಗಡೀಲಿ ಸಿಗುತ್ತಾ?" ಎಂದು ನೋಡಲು ಬಂದವರ ಮೇಲೆ ಹಾರುತ್ತಿದ್ದಳು. ಹಾರಲಿ ಬಿಡು ಎನಿಸುತ್ತಿತ್ತು. ಅವಳು ಸುಮ್ಮನೆ ಗೋಡೆ ನೋಡುತ್ತಾ ಮಲಗಿದ ದಿನಗಳಲ್ಲಿ ನನಗೆ ಹೆಚ್ಚು ಭಯವಾಗುತ್ತಿತ್ತು.

ಅಪ್ಪ ಒಂದು ಸಲ ಆಸ್ಪತ್ರೆಗೆ ಬಂದರು. ಎರಡು ಬಸ್ಸು ಬದಲಿಸಿ, ಕೈಚೀಲದಲ್ಲಿ ನಾಲ್ಕು ಎಳನೀರು ಇಟ್ಟುಕೊಂಡು ಬಂದಿದ್ದರು. ವಾರ್ಡಿನ ಬಾಗಿಲಲ್ಲಿ ಹೆಂಡತಿ ಅಡ್ಡ ನಿಂತಳು. "ಬೇಡ ಮಾವ" ಎಂದಳು, ಅಷ್ಟೇ. ಒಳಗೆ ಮಂಚದ ಮೇಲಿದ್ದ ಮಗಳು ಅವರನ್ನು ಕಂಡು ಆ ಕಡೆ ಮಗ್ಗುಲಾದಳು. ಅವಳಿಗೂ ತಾತನ ಮೇಲೆ ಕೋಪ ಎಂದುಕೊಂಡೆ. ಅಪ್ಪ ಚೀಲವನ್ನು ನನ್ನ ಕೈಗೆ ಕೊಟ್ಟು, "ಕೂಸ್ಗೆ ಕುಡ್ಸು" ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಅವರ ಹಿಂದೆ ಗೇಟಿನವರೆಗೆ ಹೋಗಬಹುದಿತ್ತು. ಹೋಗಲಿಲ್ಲ.

ಔಷಧಿಯ ಮೊದಲ ಭಾಗ ಮುಗಿದ ಮೇಲೆ ಮತ್ತೆ ಎಂಆರ್‌ಐ ಮಾಡಿದರು. ರಕ್ತನಾಳಕ್ಕೂ ಗಡ್ಡೆಗೂ ನಡುವೆ ತೆಳ್ಳಗೆ ಜಾಗ ಉಳಿದಿತ್ತು. ಡಾಕ್ಟರು ಆ ಜಾಗವನ್ನು ಪರದೆಯ ಮೇಲೆ ಬೆರಳಿಟ್ಟು ತೋರಿಸಿ, "ಇಷ್ಟು ಸಾಕು, ಕಾಲು ಉಳಿಸೋಣ" ಎಂದರು. ತೊಡೆಯ ಮೂಳೆಯ ಕೆಳಭಾಗವನ್ನೂ ಮಂಡಿಯನ್ನೂ ತೆಗೆದು, ಆ ಜಾಗಕ್ಕೆ ಲೋಹದ ಮೂಳೆ, ಲೋಹದ ಕೀಲು. ಒಳಗೆ ಹೋದ ಮೇಲೆ ನಾಳಕ್ಕೆ ಅಂಟಿರುವುದು ಕಂಡರೆ ಕಾಲು ತೆಗೆಯಲು ಒಪ್ಪಿಗೆ ಎಂದು ಇನ್ನೊಂದು ಕಾಗದ. ಅದಕ್ಕೆ ನಾನು ಸಹಿ ಹಾಕಿದೆ. ಆ ಸಹಿಯ ಪಕ್ಕದಲ್ಲಿ ಮಗಳೂ ತನ್ನ ಹೆಸರು ಬರೆದಳು. ಬರೆಯಬೇಕಾಗಿರಲಿಲ್ಲ, ಅವಳೇ ಕೇಳಿ ಬರೆದಳು.

ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಎರಡೂಮುಕ್ಕಾಲಿಗೆ ಡಾಕ್ಟರು ಹೊರಗೆ ಬಂದು, "ಕಾಲಿದೆ" ಎಂದರು. ತೆಗೆದ ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದ್ದರು. ಔಷಧಿಗೆ ಅದರ ಬಹುಭಾಗ ಸತ್ತಿತ್ತು, ಕತ್ತರಿಸಿದ ಅಂಚಿನಲ್ಲಿ ಕಾಯಿಲೆ ಇರಲಿಲ್ಲ. ಒಳ್ಳೆಯ ಲಕ್ಷಣ ಎಂದರು. ಗೆದ್ದೆವು ಎನ್ನಲಿಲ್ಲ. ಗಾಯ ಮಾಗಿದ ಮೇಲೆ ಮತ್ತೆ ಔಷಧಿ, ಮತ್ತೆ ವಾಂತಿ, ಮತ್ತೆ ಹುಣ್ಣು. ಮಂಡಿ ಬಗ್ಗಿಸುವ ವ್ಯಾಯಾಮಕ್ಕೆ ದಿನಾ ಅಳು. ನಡೆಯಬಹುದು, ಮೆಟ್ಟಿಲು ಹತ್ತಬಹುದು. ಓಡುವಂತಿಲ್ಲ, ನೆಗೆಯುವಂತಿಲ್ಲ, ಕುಕ್ಕರಗಾಲಲ್ಲಿ ಕೂರುವಂತಿಲ್ಲ. ಲೋಹ ಸವೆದರೆ ಮುಂದೆ ಮತ್ತೆ ಆಪರೇಷನ್. ಇದನ್ನೆಲ್ಲ ಡಾಕ್ಟರು ಅವಳಿಗೇ ಹೇಳಿದರು. "ಖೋ ಖೋ?" ಎಂದಳು. "ಇಲ್ಲಮ್ಮ" ಎಂದರು. ಅದೊಂದಕ್ಕೆ ಅವಳು ಅಳಲಿಲ್ಲ.

ಅಷ್ಟರಲ್ಲಿ ಕೆಸರೆಯಲ್ಲಿ ಸುದ್ದಿ ಹರಡಿತ್ತು. ಮೊಮ್ಮಗಳಿಗೇ ಹಾಗೆ ಮಾಡಿದವನು ನಮಗೇನು ಮಾಡಿಯಾನು ಎಂದು ಜನ ಬರುವುದನ್ನು ನಿಲ್ಲಿಸಿದರು. ಹಾಗೂ ಬಂದ ಒಬ್ಬಿಬ್ಬರನ್ನು ಅಪ್ಪನೇ, "ಆಸ್ಪತ್ರೆಗೆ ಓಗ್ರಪ್ಪ, ಫೋಟೋ ತೆಗಿಸ್ಕೊಳ್ಳಿ" ಎಂದು ಕಳಿಸುತ್ತಾರೆ ಎಂದು ತಂಗಿ ಫೋನಿನಲ್ಲಿ ಹೇಳಿದಳು. ವಿಜ್ಞಾನದ ಮೇಷ್ಟ್ರಾಗಿ ಇದು ಸರಿ ಎಂದೇ ನಾನು ಹೇಳಬೇಕು, ಸರಿಯೂ ಹೌದು. ಆದರೆ ಎಕ್ಸ್‌ರೇ ಎಂಬ ಮಾತನ್ನು ನನಗಿಂತ ಮೊದಲು ಆಡಿದ ಮನುಷ್ಯ, ಅದು ಗೊತ್ತಿಲ್ಲದ ಹಳ್ಳಿಗಮಾರ ಎನ್ನಿಸಿಕೊಂಡು ಕೂತಿದ್ದರು. ಅದನ್ನು ಅಳಿಸಲು ನನ್ನ ಒಂದು ಮಾತು ಸಾಕಿತ್ತು. ನಾನು ಪ್ರತಿದಿನ, ಇವಳ ಔಷಧಿ ಮುಗಿಯಲಿ, ಇವಳ ಕಾಲು ಊರುವಂತಾಗಲಿ, ಆಮೇಲೆ ಹೇಳೋಣ ಎಂದು ಮುಂದಕ್ಕೆ ಹಾಕಿದೆ.

ಔಷಧಿ ಎಲ್ಲ ಮುಗಿದು ಮೊದಲ ತಪಾಸಣೆ ಆಯಿತು. ಎದೆ ಸ್ವಚ್ಛ. ಮೂರು ತಿಂಗಳಿಗೊಮ್ಮೆ ಬರಬೇಕು, ವರ್ಷಗಟ್ಟಲೆ ಬರಬೇಕು ಎಂದರು. ಮಾರನೇ ದಿನ ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಬಂದು ಮೂವರೂ ಊಟಕ್ಕೆ ಕೂತಿದ್ದೆವು. ಮಗಳು ಕುರ್ಚಿಯ ಮೇಲೆ, ಕಾಲನ್ನು ಮುಂದಕ್ಕೆ ಚಾಚಿಕೊಂಡು. ಹೆಂಡತಿ ಅವಳ ಮಂಡಿಯ ಉದ್ದದ ಗಾಯದ ಗುರುತನ್ನು ನೋಡಿ, ಯಾವತ್ತಿನಂತೆ, "ಎಲ್ಲ ನಿಮ್ಮ ತಾತನ ಕೈಗುಣ" ಎಂದಳು.

ಮಗಳು ತುತ್ತನ್ನು ತಟ್ಟೆಗೆ ಹಾಕಿದಳು.

"ಅಮ್ಮ, ತಾತ ಕಟ್ಟಲ್ಲ ಅಂದಿದ್ರು. ಎಕ್ಸ್‌ರೇ ತೆಗೆಸಿ ಅಂದಿದ್ರು. ನಾನೇ ಅತ್ತು ಕಟ್ಟಿಸ್ಕೊಂಡೆ."

ಹೆಂಡತಿಗೆ ಅರ್ಥವಾಗಲಿಲ್ಲ. "ಏನು?" ಎಂದಳು.

"ಸೆಲೆಕ್ಷನ್ ಇತ್ತು ಅಂತ. ನೀನು ಅಲ್ಲಿ ಹೋಗಿ ಕೂಗಾಡಿದೆ ಅಂತ ಗೊತ್ತಾದಾಗ ನಂಗೆ ಹೇಳಕ್ಕೆ ಭಯ ಆಯ್ತು. ತಾತ ಆಸ್ಪತ್ರೆಗೆ ಬಂದಾಗ ಮುಖ ನೋಡಕ್ಕೂ ಆಗಲಿಲ್ಲ." ಅಷ್ಟು ಹೇಳಿ ಜೋರಾಗಿ ಅಳತೊಡಗಿದಳು. ಖೋ ಖೋ ಹೋಯಿತು ಎಂದಾಗ ಬರದಿದ್ದ ಅಳು.

ಹದಿನಾರು ತುಂಬದ ಹುಡುಗಿ, ಕಿಮೋ ಮುಗಿಸಿ ತಲೆಯಲ್ಲಿ ಈಗಷ್ಟೇ ಕೂದಲು ಚಿಗುರುತ್ತಿರುವವಳು, ನಾನು ಒಂದು ವರ್ಷ ನುಂಗಿಕೊಂಡಿದ್ದನ್ನು ಅನ್ನದ ತಟ್ಟೆಯ ಮುಂದೆ ಹೇಳಿಬಿಟ್ಟಳು. ತನ್ನ ಭಾಗವನ್ನು ಮಾತ್ರ ಹೇಳಿದಳು. ನನ್ನ ಹೆಸರು ಎತ್ತಲಿಲ್ಲ. ಅದಾದ ಮೇಲೂ ಸುಮ್ಮನಿದ್ದಿದ್ದರೆ ನಾನು ಮನುಷ್ಯನೇ ಅಲ್ಲ.

"ಅವಳದ್ದೇನಿಲ್ಲ. ನಾನು ಜನರ ಮುಂದೆ ಅಪ್ಪನ್ನ ಬೈದು ಕಟ್ಟಿಸಿದೆ. ಮೂರು ಸಲ ಬೇಡ ಅಂದ್ರು" ಎಂದೆ.

ಹೆಂಡತಿ ನನ್ನ ಮೇಲೆ ಕೂಗಾಡಲಿಲ್ಲ. ನಾನು ಯಾವುದಕ್ಕೆ ಹೆದರಿ ವರ್ಷ ಕಳೆದಿದ್ದೆನೋ ಅದು ಆಗಲೇ ಇಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಬೀದಿಯಲ್ಲಿ ನಿಂತು ಅಂದೆನಲ್ರೀ. ಆ ವಯಸ್ಸಿನೋರಿಗೆ ಅಂದೆನಲ್ಲ. ನೀವು ಪಕ್ಕದಲ್ಲೇ ಇದ್ದು ಅನ್ನಿಸಿದ್ರಲ್ಲ" ಎಂದಳು. ಆಮೇಲೆ ಎದ್ದು ಕೈ ತೊಳೆದು, ಸೀರೆ ಬದಲಿಸಿ, ಆಟೋ ಕರೆಯಲು ಹೇಳಿದಳು.

ಕೆಸರೆಯಲ್ಲಿ ಅಪ್ಪ ಒಬ್ಬರೇ ಜಗಲಿಯ ಮೇಲಿದ್ದರು. ತಂಗಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಆಟೋದಿಂದ ಮಗಳು ಕಾಲನ್ನು ಜೋಪಾನವಾಗಿ ಇಳಿಸಿ, ಊರಿ, ನಡೆದು ಬರುವುದನ್ನು ಅವರು ಎದ್ದು ನಿಂತು ನೋಡಿದರು. ಆಪರೇಷನ್ ಆದ ಮೇಲೆ ಅವಳು ನಡೆಯುವುದನ್ನು ಅವರು ನೋಡಿದ್ದು ಅದೇ ಮೊದಲು.

ಹೆಂಡತಿ ಬಗ್ಗಿ ಅವರ ಕಾಲು ಮುಟ್ಟಿದಳು. ಮಗಳು, "ತಾತ, ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ" ಎಂದು ಅವರ ಹೆಗಲಿಗೆ ತಲೆ ಇಟ್ಟಳು. ಅಪ್ಪ ಅವಳ ತಲೆಯ ಚಿಗುರುಗೂದಲ ಮೇಲೆ ಕೈಯಾಡಿಸಿ, "ಅಳ್ಬ್ಯಾಡ ಕಣವ್ವ. ನೀನು ಮಗು. ಕೇಳ್ದೆ" ಎಂದರು. ಹೆಂಡತಿಯನ್ನು ಎಬ್ಬಿಸಿದರು. "ನೀನು ಹೆತ್ತೋಳು. ಕೂಗ್ದೆ. ಅದ್ರಲ್ಲಿ ತಪ್ಪೇನದೆ? ಕಟ್ಟಿದ್ದು ನನ್ನ ಕೈಯೇ ಅಲ್ವಾ? ಅದು ನನ್ನ ಕೆಲ್ಸ ಅಲ್ಲ ಅಂತ ಗೊತ್ತಿದ್ದೂ ಕಟ್ದೆ. ನಾಕು ಜನ್ರ ಮುಂದೆ ಮಗ ವಯಸ್ಸಾಯ್ತು ಅಂದ್ಬುಟ್ಟ ಅಂತ ಕಟ್ದೆ. ನನ್ನ ತಪ್ಪು ನಂದೇಯ."

ಆಮೇಲೆ ನನ್ನ ಕಡೆ ನೋಡಿದರು. ಕೋಪ ಇರಲಿಲ್ಲ. ಬಂದವರ ಮೂಳೆ ಒತ್ತಿ ನೋಡಿ, ಎಲ್ಲಿ ಮುರಿದಿದೆ ಎಂದು ಹೇಳುವಾಗಿನ ದನಿ. "ನೀನೊಂದು ಮಾತು ಆಡ್ನಿಲ್ವಲ್ಲೋ. ಅದು ಬಾಳ ನೋಯ್ತು ಕಣಪ್ಪ."

ಕಾಫಿ ಕಾಯಿಸುತ್ತೇನೆ ಕೂತಿರಿ ಎಂದು ಒಳಗೆ ಹೋದರು. ನಾನೂ ಹಿಂದೆಯೇ ಅಡುಗೆಮನೆಗೆ ಹೋದೆ. ಅವರು ಒಲೆ ಹಚ್ಚಿ ಹಾಲಿಟ್ಟರು.

"ಅಪ್ಪ, ತಪ್ಪಾಯ್ತು" ಎಂದೆ.

"ಊಂ" ಎಂದರು. ಹೋಗ್ಲಿ ಬುಡು ಎನ್ನಲಿಲ್ಲ. ಹಾಲು ಕಾಯುವವರೆಗೂ ಇಬ್ಬರೂ ಒಲೆಯ ಮುಂದೆ ನಿಂತಿದ್ದೆವು.